ಮಗ ಶುಗರ್ ನೋಡಿಕೊಳ್ಳೋದು ಮರೀತಾನೆ, ಏನು ಮಾಡಲಿ?

ಪ್ರಶ್ನೆ: ನಾವು ಕುಂದಾಪುರದ ಕಡೆಯವರು, ಮದುವೆಯಾದಾಗಿನಿಂದ ಮುಂಬೈ ಹತ್ತಿರದ ಡೊಂಬಿವಲಿಯಲ್ಲಿದ್ದೇವೆ. ಮಗನಿಗೆ 12 ವರ್ಷ, ಏಳನೇ ಕ್ಲಾಸು. ಒಂಬತ್ತು ತುಂಬಿದಾಗ ಟೈಪ್ 1 ಡಯಾಬಿಟಿಸ್ ಅಂತ ಗೊತ್ತಾಯಿತು. ಊಟ ತಿಂಡಿಗೆ ಮೂರು, ರಾತ್ರಿ ಒಂದು, ಹೀಗೆ ದಿನಕ್ಕೆ ನಾಲ್ಕು ಇನ್ಸುಲಿನ್. ಮೊದಲೆಲ್ಲ ಶುಗರ್ ನಾನೇ ನೋಡುತ್ತಿದ್ದೆ. ಈ ಜೂನ್‌ನಿಂದ ‘ನೀನೀಗ ದೊಡ್ಡವನು, ನೀನೇ ನೋಡ್ಕೋ’ ಅಂತ ಅವನಿಗೇ ಬಿಟ್ಟೆವು. ನನಗೆ ಘಾಟ್‌ಕೋಪರ್‌ನಲ್ಲಿ ಬ್ಯಾಂಕ್ ಕೆಲಸ, ಗಂಡ ಬಾಂದ್ರಾದ ಬಿಕೆಸಿಯಲ್ಲಿ. ಮನೆ ಸೇರುವಾಗ ರಾತ್ರಿ ಎಂಟು ದಾಟುತ್ತದೆ. ಮನೆಯಲ್ಲಿ ಅತ್ತೆ ಇದ್ದಾರೆ. ಮಗ ದಿನಾ ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದ, 118, 132, 125 ಅಂತೆಲ್ಲ. ನಾವು ನೆಮ್ಮದಿಯಾಗಿದ್ದೆವು. ಹೋದ ವಾರ ಎಚ್‌ಬಿಎ1ಸಿ ರಕ್ತಪರೀಕ್ಷೆ ಮಾಡಿಸಿದರೆ 9.1 ಬಂತು. ಮೊದಲು 7.4 ಇತ್ತು. ಮೀಟರ್ ತೆಗೆದು ನೋಡಿದರೆ ಎಷ್ಟೋ ದಿನ ಒಂದು ರೀಡಿಂಗೂ ಇಲ್ಲ. ಕೇಳಿದರೆ ‘ಮರೆತುಹೋಯ್ತು’ ಅಂತಾನೆ. ಫೋನಲ್ಲಿ ಅಲಾರಂ ಇಟ್ಟರೆ ಆಫ್ ಮಾಡಿ ಆಡಲು ಹೋಗ್ತಾನೆ. ಶುಗರ್ ಜಾಸ್ತಿಯಾಗಿ ನೆನಪಿನ ಶಕ್ತಿಯೇ ಕಮ್ಮಿಯಾಗಿದೆಯಾ? ‘ಮಗುವಿಗೆ ಎಷ್ಟು ಚುಚ್ತೀರಿ, ಬೆರಳು ಹಾಳಾಗ್ತದೆ’ ಅಂತ ಅತ್ತೆ ಬೇಸರ ಮಾಡಿಕೊಳ್ತಾರೆ. ಪರಿಚಯದವರೊಬ್ಬರು ಒಂದು ಪುಡಿ ಇದೆ, ಇನ್ಸುಲಿನ್ನೇ ಬೇಡ ಅಂತಾರೆ. ಸೆನ್ಸರ್ ಹಾಕಿಸಬೇಕಾ? ನಾನು ಕೆಲಸ ಬಿಡಬೇಕಾ?

ಉತ್ತರ: ನಿಮ್ಮ ಪತ್ರದಲ್ಲಿ ಪ್ರಶ್ನೆ ನಾಲ್ಕೈದಿವೆ. ಆದರೆ ನಿಮ್ಮನ್ನು ನಿಜವಾಗಿ ಕುಟುಕಿದ್ದು ಆ ನೋಟ್‌ಬುಕ್ ಅನಿಸುತ್ತದೆ. ಮಗ ಸುಳ್ಳು ಬರೆದ ಅನ್ನುವ ನೋವು. ಅದನ್ನೇ ಮೊದಲು ನೋಡೋಣ.

ನೋಟ್‌ಬುಕ್ಕಿನ ಅಂಕಿಗಳು ನಿಜವಾಗಿದ್ದರೆ ಅವನ ಸರಾಸರಿ ಶುಗರ್ 125, 130ರ ಆಸುಪಾಸು ಇರಬೇಕಿತ್ತು. ಎಚ್‌ಬಿಎ1ಸಿ ಸುಮಾರು 6 ಬರಬೇಕಿತ್ತು. 9.1 ಅಂದರೆ ಹಿಂದಿನ ಎರಡು ಮೂರು ತಿಂಗಳ ಸರಾಸರಿ ಹತ್ತಿರ ಹತ್ತಿರ 215. ಹೀಗೆ ಎರಡು ಲೆಕ್ಕ ತಾಳೆಯಾಗದ ನೋಟ್‌ಬುಕ್ ನಮ್ಮ ಕ್ಲಿನಿಕ್ಕಿಗೆ ಬರುತ್ತಲೇ ಇರುತ್ತವೆ. ನೋಡಿದ ಕೂಡಲೇ ತಿಳಿಯುತ್ತದೆ. ಹದಿನೈದು ದಿನದ ಅಂಕಿಯೆಲ್ಲ ಒಂದೇ ಪೆನ್ನಿನಲ್ಲಿ, ಒಂದೇ ಕೈ ಬರಹದಲ್ಲಿ, ಒಂದೂ ಚಿತ್ತಿಲ್ಲದೆ. 300 ಇಲ್ಲ, 60 ಇಲ್ಲ. ಟೈಪ್ 1 ಇರುವ ಮಗುವಿನ ಶುಗರ್ ಅಷ್ಟು ಸಾಧು ಇರುವುದಿಲ್ಲ. ಒಳ್ಳೆಯ ಮಕ್ಕಳೇ ಹೀಗೆ ಬರೆಯುತ್ತಾರೆ. ಅಮ್ಮ ಸಂಜೆ ಸುಸ್ತಾಗಿ ಬರ್ತಾಳೆ, ಅವಳ ಮುಖ ಬಾಡಬಾರದು ಅಂತ ಬರೆಯುವವರೂ ಇದ್ದಾರೆ. ಅಪ್ಪ ಅಮ್ಮನನ್ನು ಐದು ನಿಮಿಷ ಹೊರಗೆ ಕೂರಿಸಿ ಕೇಳಿದರೆ ಹೆಚ್ಚಿನ ಮಕ್ಕಳು ತಾವಾಗಿಯೇ ಹೇಳುತ್ತಾರೆ.

ಹಾಗಾಗಿ ನೆನಪಿನ ಶಕ್ತಿಯ ಬಗ್ಗೆ ಚಿಂತೆ ಬೇಡ. ಶುಗರ್ ತುಂಬ ಏರಿದಾಗ ಮಗು ಮಂಕಾಗುವುದು, ಪಾಠದ ಮೇಲೆ ಗಮನ ತಪ್ಪುವುದು ನಿಜ. 70ಕ್ಕಿಂತ ಇಳಿದಾಗ ಗಲಿಬಿಲಿ, ಸಿಡುಕು, ಬೆವರು, ಕೈ ನಡುಕ ಬರುವುದೂ ನಿಜ. ಆದರೆ ಅವನು ಫುಟ್‌ಬಾಲ್ ಟೈಮ್ ಮರೆಯುತ್ತಾನಾ? ಕ್ರಿಕೆಟ್ ಸ್ಕೋರ್ ಮರೆಯುತ್ತಾನಾ? ಇಲ್ಲ ಅಲ್ವಾ. ಮೀಟರ್ ಮಾತ್ರ ಮರೆತುಹೋಗುತ್ತಿದ್ದರೆ ಅದನ್ನು ತೆಗೆಯಲು ಮನಸ್ಸಿಲ್ಲ ಅಂತ ಅರ್ಥ. ಯಾಕೆ ಮನಸ್ಸಿಲ್ಲ ಅನ್ನುವುದನ್ನು ಬಿಡಿಸಿದರೆ ಅರ್ಧ ಕೆಲಸ ಮುಗಿಯಿತು.

ಒಂದು ಸಂಜೆ ನೆನಪು ಮಾಡಿಕೊಳ್ಳಿ. ನೀವು ಬಂದಿರಿ, ‘ಶುಗರ್ ಎಷ್ಟು?’ ಅಂದಿರಿ, ಅವನು ‘287’ ಅಂದ. ಆಮೇಲೆ ನಿಮ್ಮ ಬಾಯಿಂದ ಬಂದ ಮೊದಲ ಮಾತು ಯಾವುದು? ನನಗೆ ಗೊತ್ತಿರುವ ಮನೆಗಳಲ್ಲೆಲ್ಲ ಅದು ‘ಏನು ತಿಂದೆ?’ ಸಿಟ್ಟಿನಿಂದ ಹೇಳಬೇಕಾಗಿಲ್ಲ, ಮೆತ್ತಗೆ ಕೇಳಿದರೂ ಅದು ವಿಚಾರಣೆಯೇ. ದಿನಕ್ಕೆ ಆರು ಸಲ ಮಾರ್ಕ್ಸ್ ಕಾರ್ಡ್ ತೋರಿಸಿ ಸಹಿ ಹಾಕಿಸಿಕೊಳ್ಳಬೇಕು ಅಂದರೆ ನೀವಾದರೂ ಏನು ಮಾಡ್ತೀರಿ? ಅವನು ಕಂಡುಕೊಂಡ ದಾರಿ ಎರಡು. ನೋಡದೇ ಇರುವುದು, ಇಲ್ಲವೇ ಅಮ್ಮನಿಗೆ ಬೇಕಾದ ನಂಬರ್ ಬರೆಯುವುದು.

ಇನ್ನೊಂದು ವಿಷಯ ನಿಮಗೆ ಯಾರೂ ಹೇಳಿರಲಿಕ್ಕಿಲ್ಲ. ಅವನ 287ಕ್ಕೆ ತಿಂದದ್ದೇ ಕಾರಣ ಆಗಬೇಕಾಗಿಲ್ಲ. ಟೈಪ್ 1ರಲ್ಲಿ ದೇಹದ ರೋಗನಿರೋಧಕ ವ್ಯವಸ್ಥೆಯೇ ಇನ್ಸುಲಿನ್ ಮಾಡುವ ಬೀಟಾ ಕೋಶಗಳನ್ನು ನಾಶ ಮಾಡುತ್ತದೆ. ಸಿಹಿ ತಿಂದು ಬರುವ ಕಾಯಿಲೆ ಇದಲ್ಲ, ನಿಮ್ಮ ಸಾಕಣೆಯ ತಪ್ಪೂ ಅಲ್ಲ. ರೋಗ ಪತ್ತೆಯಾಗಿ ಇನ್ಸುಲಿನ್ ಶುರು ಮಾಡಿದ ಮೇಲೆ ಅನೇಕ ಮಕ್ಕಳಲ್ಲಿ ಉಳಿದ ಬೀಟಾ ಕೋಶಗಳು ಸ್ವಲ್ಪ ಚೇತರಿಸಿಕೊಳ್ಳುತ್ತವೆ. ಕೆಲವು ತಿಂಗಳು, ಕೆಲವೊಮ್ಮೆ ಒಂದು ವರ್ಷಕ್ಕೂ ಜಾಸ್ತಿ, ಕಮ್ಮಿ ಇನ್ಸುಲಿನ್‌ನಲ್ಲೇ ಶುಗರ್ ಚೆನ್ನಾಗಿರುತ್ತದೆ. ಇದಕ್ಕೆ ನಾವು ಹನಿಮೂನ್ ಪೀರಿಯಡ್ ಅಂತೀವಿ. ಅದು ಮುಗಿಯುವ ಹೊತ್ತಿಗೆ ನಿಮ್ಮ ಮಗ ಹನ್ನೆರಡಕ್ಕೆ ಬಂದಿದ್ದಾನೆ. ದೊಡ್ಡವನಾಗುವ ಹಾರ್ಮೋನುಗಳು, ಬೆಳವಣಿಗೆಯ ಹಾರ್ಮೋನು, ಎಲ್ಲ ಸೇರಿ ಇನ್ಸುಲಿನ್ ಕೆಲಸಕ್ಕೆ ಅಡ್ಡ ಬರುತ್ತವೆ. ಮೊದಲು ಕೆಜಿಗೆ ದಿನಕ್ಕೆ ಒಂದು ಯೂನಿಟ್‌ನ ಒಳಗೆ ಮುಗಿಯುತ್ತಿದ್ದದ್ದು ಈ ವಯಸ್ಸಿನಲ್ಲಿ ಒಂದೂವರೆಗೆ, ಕೆಲವರಲ್ಲಿ ಎರಡಕ್ಕೂ ಹೋಗುತ್ತದೆ. ಬೆಳಗಿನ ಜಾವ ಏನೂ ತಿನ್ನದೆ ಶುಗರ್ ಏರುವುದೂ ಈಗ ಜಾಸ್ತಿ. ಅವನು ದೇವರಂತೆ ಇದ್ದರೂ ಹಳೆಯ ಡೋಸ್‌ನಲ್ಲಿ 287 ಬರಬಹುದು. ಅವನಿಗೆ ಅನಿಸುವುದು ಮಾತ್ರ, ‘ನಾನು ಎಷ್ಟು ಮಾಡಿದರೂ ಆಗಲ್ಲ’ ಅಂತ. ಡೋಸ್ ಬದಲಿಸಬೇಕಾದ ಸಮಯ ಇದು. ಅದಕ್ಕೆ ನಿಮ್ಮ ಡಾಕ್ಟರಿಗೆ ಬೇಕಾಗಿರುವುದು ನಿಜವಾದ ಅಂಕಿ, ಎಷ್ಟೇ ಕೆಟ್ಟದಾಗಿರಲಿ.

ಆ ಪುಡಿಯ ಕಥೆಯೂ ಇಲ್ಲಿಗೇ ಸೇರುತ್ತದೆ. ಹನಿಮೂನ್ ಸಮಯದಲ್ಲಿ ಯಾವ ಪುಡಿ ಕೊಟ್ಟರೂ ಕೆಲಸ ಮಾಡಿದಂತೆ ಕಾಣುತ್ತದೆ. ಹೆಸರು ಪುಡಿಗೆ, ಕೆಲಸ ಉಳಿದ ಬೀಟಾ ಕೋಶದ್ದು. 1922ರ ಜನವರಿಯಲ್ಲಿ ಟೊರಾಂಟೊದಲ್ಲಿ 14 ವರ್ಷದ ಹುಡುಗನೊಬ್ಬನಿಗೆ ಮೊದಲ ಸಲ ಇನ್ಸುಲಿನ್ ಕೊಡುವ ತನಕ ಈ ಕಾಯಿಲೆ ಬಂದ ಮಕ್ಕಳು ಹೆಚ್ಚು ಕಾಲ ಬದುಕುತ್ತಿರಲಿಲ್ಲ. ಇವತ್ತಿಗೂ ಇನ್ಸುಲಿನ್ ನಿಲ್ಲಿಸಿದರೆ ಕೆಲವೇ ದಿನದಲ್ಲಿ, ಕೆಲವೊಮ್ಮೆ ಒಂದೇ ದಿನದಲ್ಲಿ, ರಕ್ತದಲ್ಲಿ ಕೀಟೋನ್ ಅನ್ನುವ ಆಮ್ಲ ತುಂಬಿ ಐಸಿಯುಗೆ ಹೋಗಬೇಕಾಗುತ್ತದೆ. ಹಾಗಲಕಾಯಿ ಪಲ್ಯ ಮಾಡಿ, ನೇರಳೆ ಹಣ್ಣು ತಿನ್ನಲಿ, ಬೇಡ ಅನ್ನಲ್ಲ. ಇನ್ಸುಲಿನ್ ಬಿಡುವ ಮಾತು ಮಾತ್ರ ಮನೆಯಲ್ಲಿ ಯಾರೂ ಆಡಬಾರದು, ಮಗುವಿನ ಮುಂದಂತೂ ಬೇಡವೇ ಬೇಡ.

ಅತ್ತೆಯವರ ಚಿಂತೆಯಲ್ಲಿ ಸ್ವಲ್ಪ ಹುರುಳಿದೆ. ಬೆರಳು ಹಾಳಾಗುವುದಿಲ್ಲ, ಸ್ಪರ್ಶ ಹೋಗುವುದೂ ಇಲ್ಲ. ಆದರೆ ಒಂದೇ ಜಾಗಕ್ಕೆ, ಹಳೇ ಲ್ಯಾನ್ಸೆಟ್‌ನಲ್ಲಿ (ಬೆರಳು ಚುಚ್ಚುವ ಸೂಜಿ) ದಿನಾ ಚುಚ್ಚಿದರೆ ನೋವಾಗುತ್ತದೆ, ಚರ್ಮ ದಪ್ಪವಾಗುತ್ತದೆ. ಒಂದು ಸಲ ಅವನು ಹೇಗೆ ಚುಚ್ಚಿಕೊಳ್ಳುತ್ತಾನೆ ಅಂತ ಸುಮ್ನೆ ಪಕ್ಕದಲ್ಲಿ ಕೂತು ನೋಡಿ. ಎಷ್ಟೋ ಮಕ್ಕಳು ಬೆರಳ ತುದಿಯ ಮಧ್ಯಕ್ಕೇ, ಪೆನ್ಸಿಲ್ ಹಿಡಿಯುವ ಜಾಗಕ್ಕೇ ಒತ್ತುತ್ತಾರೆ. ನರದ ತುದಿಗಳು ಅಲ್ಲೇ ಜಾಸ್ತಿ. ತುದಿಯ ಪಕ್ಕಕ್ಕೆ, ಉಗುರಿನ ಅಂಚಿನ ಹತ್ತಿರ ಚುಚ್ಚಬೇಕು. ಚುಚ್ಚುವ ಪೆನ್ನಿನ ಆಳದ ನಂಬರನ್ನು ರಕ್ತ ಬರುವಷ್ಟಕ್ಕೆ ಇಳಿಸಬೇಕು. ದಿನಕ್ಕೊಂದು ಬೆರಳು ಬದಲಿಸಬೇಕು. ಹೊಸ ಲ್ಯಾನ್ಸೆಟ್ ಹಾಕಬೇಕು, ಅದನ್ನು ಮನೆಯಲ್ಲಿ ಬೇರೆ ಯಾರೂ ಬಳಸಬಾರದು. ಇಷ್ಟು ಸರಿ ಮಾಡಿದ್ದಕ್ಕೇ ‘ಈಗ ನೋವಾಗಲ್ಲ’ ಅಂತ ಮತ್ತೆ ಶುರು ಮಾಡಿದ ಮಕ್ಕಳನ್ನು ನೋಡಿದ್ದೇನೆ.

ಕೈ ತೊಳೆಯುವುದರ ಬಗ್ಗೆಯೂ ಒಂದು ಮಾತು. ಮೇ ತಿಂಗಳಲ್ಲಿ ಒಬ್ಬಳು ಹುಡುಗಿ ಕ್ಲಿನಿಕ್‌ನಲ್ಲಿ ನನ್ನ ಮುಂದೆಯೇ ನೋಡಿಕೊಂಡಳು. 340. ಅವಳ ಅಮ್ಮ ಗಾಬರಿ. ಹುಡುಗಿ ಹೊರಗೆ ಕೂತು ಹಾಪುಸ್ ಮಾವಿನಹಣ್ಣು ತಿಂದು ಬಂದಿದ್ದಳು, ಕೈಗೆ ವಾಸನೆಯಿತ್ತು. ಸೋಪು ಹಾಕಿ ತೊಳೆದು ಒರೆಸಿ ಮತ್ತೆ ನೋಡಿದರೆ 162. ಆ 340ಕ್ಕೆ ಇನ್ಸುಲಿನ್ ಕೊಟ್ಟಿದ್ದರೆ ಶುಗರ್ ಪಾತಾಳಕ್ಕೆ ಹೋಗುತ್ತಿತ್ತು. ಇನ್ನು ನಮ್ಮ ಮಳೆಗಾಲದಲ್ಲಿ ಸ್ಟ್ರಿಪ್ ಡಬ್ಬದ ಮುಚ್ಚಳ ತೆರೆದಿಟ್ಟರೆ ತೇವ ಹಿಡಿದು ರೀಡಿಂಗ್ ಕೆಡುತ್ತದೆ. ಒಳ್ಳೆಯ ಮೀಟರ್ ಕೂಡ ನೂರಕ್ಕೆ 15ರಷ್ಟು ಆಚೀಚೆ ತೋರಿಸಬಹುದು. 180, 195 ಅಂತ ಎರಡು ರೀಡಿಂಗ್ ಬಂದರೆ ಮೀಟರ್ ಕೆಟ್ಟಿದೆ ಅಂದುಕೊಳ್ಳಬೇಡಿ.

ಈಗ ನಿಜವಾದ ವಿಷಯಕ್ಕೆ ಬರೋಣ. ನೀವು ಜೂನ್‌ನಲ್ಲಿ ಇಡೀ ಜವಾಬ್ದಾರಿಯನ್ನು ಅವನಿಗೆ ಬಿಟ್ಟಿರಿ. 12 ವರ್ಷದ ಹುಡುಗನಿಗೆ ಬೆರಳು ಚುಚ್ಚಲು ಬರುತ್ತದೆ, ಪೆನ್ ಹಿಡಿದು ಇನ್ಸುಲಿನ್ ತೆಗೆದುಕೊಳ್ಳಲು ಬರುತ್ತದೆ, ಲೆಕ್ಕವೂ ಬರುತ್ತದೆ. ಅದನ್ನೇ ಭಾನುವಾರವೂ, ಗಣಪತಿ ಹಬ್ಬಕ್ಕೂ, ಪರೀಕ್ಷೆಯ ದಿನವೂ, ಯಾರೂ ನೋಡದಿದ್ದರೂ ಮಾಡುವುದು ಬೇರೆಯೇ ಕೆಲಸ. ಅದು ದೊಡ್ಡವರಿಗೇ ಕಷ್ಟ. ನಮ್ಮಲ್ಲಿ ಬಿಪಿ ಮಾತ್ರೆ ಸರಿಯಾಗಿ ತಗೊಳ್ಳುವ ಗಂಡಸರು ಎಷ್ಟು ಜನ ಇದ್ದಾರೆ ಹೇಳಿ! ಬೇಗ ಕೈಬಿಟ್ಟ ಮನೆಗಳಲ್ಲಿ ಶುಗರ್ ಕೆಡುವುದನ್ನು ನಾವು ಮತ್ತೆ ಮತ್ತೆ ನೋಡುತ್ತೇವೆ. ಹದಿನಾರು ಹದಿನೇಳರ ತನಕವೂ ಮನೆಯ ದೊಡ್ಡವರು ಜೊತೆಗಿರಬೇಕು. ಜೊತೆಗಿರುವ ರೀತಿ ಮಾತ್ರ ವರ್ಷ ವರ್ಷ ಬದಲಾಗಬೇಕು.

ಹಾಗಾದರೆ ಹಂಚಿಕೊಳ್ಳಿ. ನಿಮ್ಮ ಪತ್ರದಲ್ಲಿ ಶಾಲೆಯ ಸಮಯ ಇಲ್ಲ. ಬೆಳಗಿನ ಶಿಫ್ಟ್ ಅಂತ ಇಟ್ಟುಕೊಳ್ಳುತ್ತೇನೆ, ನಿಮ್ಮದು ಬೇರೆಯಿದ್ದರೆ ಹೊಂದಿಸಿಕೊಳ್ಳಿ. ಎದ್ದ ಕೂಡಲೇ ಒಂದು, ಟಿಫಿನ್ ಬಿಡುವಿಗೆ ಒಂದು, ಮಧ್ಯಾಹ್ನ ಊಟಕ್ಕೆ ಮೊದಲು, ಸಂಜೆ ಆಟಕ್ಕೆ ಮೊದಲು, ರಾತ್ರಿ ಊಟಕ್ಕೆ ಮೊದಲು, ಮಲಗುವಾಗ. ಒಟ್ಟು ಆರು. ಮಕ್ಕಳಿಗೆ ದಿನಕ್ಕೆ ಆರರಿಂದ ಹತ್ತು ಸಲ ನೋಡಿ ಅಂತ ಅಂತರರಾಷ್ಟ್ರೀಯ ಮಾರ್ಗಸೂಚಿ ಹೇಳುತ್ತದೆ. ಒಂದು ಸ್ಟ್ರಿಪ್‌ಗೆ 20 ರೂಪಾಯಿ ಲೆಕ್ಕ ಹಿಡಿದರೂ ಆರಕ್ಕೆ ತಿಂಗಳಿಗೆ 3,600 ಆಗುತ್ತದೆ, ಆದ್ದರಿಂದ ಆರು ನನಗೆ ಒಪ್ಪುವ ಸಂಖ್ಯೆ. ಈ ಆರರಲ್ಲಿ ಬೆಳಗ್ಗೆ, ರಾತ್ರಿ ಊಟ, ಮಲಗುವಾಗ, ಈ ಮೂರು ನಿಮ್ಮಿಬ್ಬರವು. ನೀವು ಮನೆಯಲ್ಲೇ ಇರ್ತೀರಿ. ಮೀಟರ್ ತಂದುಕೊಡುವುದು, ಸ್ಟ್ರಿಪ್ ಹಾಕಿಕೊಡುವುದು ನಿಮ್ಮ ಕೆಲಸ, ಚುಚ್ಚಿಕೊಳ್ಳುವುದು ಅವನ ಕೆಲಸ. ಮಧ್ಯಾಹ್ನದ್ದು ಅಜ್ಜಿಯದು. ಅವನ ಪಾಲಿಗೆ ಉಳಿಯುವುದು ಎರಡೇ, ಟಿಫಿನ್ ಮತ್ತು ಆಟ. ಎರಡು ನೆನಪಿಡುವುದು ಆರು ನೆನಪಿಟ್ಟಂತೆ ಅಲ್ಲ.

ಅಜ್ಜಿಯನ್ನು ದಯವಿಟ್ಟು ಲೆಕ್ಕದಿಂದ ಬಿಡಬೇಡಿ. ಅವರಿಗೆ ಮೀಟರ್ ಓದಲು ಬರಬೇಕು ಅಂತೇನಿಲ್ಲ. ಅಡುಗೆಮನೆಯಲ್ಲಿ ಕಾಲನಿರ್ಣಯ ಕ್ಯಾಲೆಂಡರ್ ತೂಗಿದ್ದರೆ, ಆಯಾ ತಾರೀಕಿನ ಮನೆಯಲ್ಲಿ ಖಾಲಿ ಜಾಗ ಇರುತ್ತದೆ. ಹಾಲಿನ ಲೆಕ್ಕ ಬರೆಯುವ ಜಾಗ. ಮೊಮ್ಮಗ ನಂಬರ್ ಓದಿ ಹೇಳಲಿ, ಅಜ್ಜಿ ಅಲ್ಲಿ ಬರೆಯಲಿ, ಆಮೇಲೆ ಅನ್ನ ಬಡಿಸಲಿ. ತಟ್ಟೆ ಇಡುವ ಮೊದಲು ಮೀಟರ್, ಇಷ್ಟೇ ನಿಯಮ. ಹೀಗೆ ದಿನಾ ತಪ್ಪದೆ ಆಗುವ ಒಂದು ಕೆಲಸಕ್ಕೆ ಅಂಟಿಸಿದರೆ ಅಲಾರಂ ಬೇಕಾಗುವುದಿಲ್ಲ. ಗಡಿಯಾರದ ಅಲಾರಂ ತಪ್ಪು ಹೊತ್ತಿಗೆ ಹೊಡೆಯುತ್ತದೆ. ಅವನು ಬಸ್ಸಿನಲ್ಲಿರುತ್ತಾನೆ, ಇಲ್ಲ ಆಟದ ಮಧ್ಯೆ ಇರುತ್ತಾನೆ. ಒಂದು ವಾರ ಆಫ್ ಮಾಡಿ ಅಭ್ಯಾಸವಾದರೆ ಆಮೇಲೆ ಕಿವಿಗೇ ಬೀಳುವುದಿಲ್ಲ. ಆಟದ್ದಕ್ಕೆ ಮೀಟರ್ ಅನ್ನು ಫುಟ್‌ಬಾಲ್ ಶೂ ಒಳಗೇ ಇಡಲು ಹೇಳಿ. ಶೂ ಹಾಕಬೇಕಾದರೆ ಮೀಟರ್ ಕೈಗೆ ಬರಲೇಬೇಕು. ಶಾಲೆಯದು ಟಿಫಿನ್ ಡಬ್ಬದ ಜೊತೆ ಒಂದೇ ಚೀಲದಲ್ಲಿರಲಿ. ಆಗುವುದಾದರೆ ಎರಡನೇ ಮೀಟರ್ ತೆಗೆದುಕೊಳ್ಳಿ. ಮೀಟರ್ ಬೆಲೆ ಜಾಸ್ತಿಯಿಲ್ಲ, ದುಬಾರಿಯಾಗುವುದು ಸ್ಟ್ರಿಪ್. ಎರಡೂ ಒಂದೇ ಕಂಪನಿಯ ಒಂದೇ ಮಾದರಿಯದಾದರೆ ಸ್ಟ್ರಿಪ್ ಒಂದೇ ನಡೆಯುತ್ತದೆ.

ಇನ್ನು ನಂಬರ್ ಕೇಳಿದಾಗ ನೀವಾಡುವ ಮಾತು. ನನ್ನ ಅನುಭವದಲ್ಲಿ ಅತಿ ಕಷ್ಟದ ಬದಲಾವಣೆ ಇದೇ, ಮತ್ತು ಅತಿ ಜಾಸ್ತಿ ಫಲ ಕೊಡುವುದೂ ಇದೇ. 287 ಅಂದಾಗ ‘ನೋಡಿದ್ದು ಒಳ್ಳೇದಾಯ್ತು. ಈಗ ಎಷ್ಟು ಯೂನಿಟ್ ತಗೋಬೇಕು?’ ಅಂತ ಕೇಳಿ. ಅಷ್ಟೇ. ಏನು ತಿಂದ ಅನ್ನುವುದು ಆ ಹೊತ್ತಿಗೆ ಬೇಡ. ವಾರಕ್ಕೊಮ್ಮೆ, ಭಾನುವಾರ ಬೆಳಗ್ಗೆ ಇಡ್ಲಿ ತಿನ್ನುತ್ತಾ ಮೂವರೂ ಕೂತು ಮೀಟರ್‌ನ ಮೆಮೊರಿ ನೋಡಿ. ಹೆಚ್ಚಿನ ಮೀಟರ್‌ಗಳಲ್ಲಿ ನೂರಾರು ರೀಡಿಂಗ್ ತಾರೀಕು, ಸಮಯದ ಸಮೇತ ಉಳಿದಿರುತ್ತವೆ. ತಾರೀಕು ಸಮಯ ಸರಿ ಇದೆಯಾ ಅಂತ ಮೊದಲು ನೋಡಿಕೊಳ್ಳಿ. ಯಾವ ಹೊತ್ತಿಗೆ ಮೇಲೆ ಹೋಗುತ್ತಿದೆ ಅಂತ ಅವನೇ ಹುಡುಕಲಿ. ‘ಮಧ್ಯಾಹ್ನದ್ದು ಯಾವಾಗಲೂ ಜಾಸ್ತಿ, ಟಿಫಿನ್‌ಗೆ ನಾನು ಇನ್ಸುಲಿನ್ ತಗೊಳ್ಳಲ್ಲವಲ್ಲ’ ಅಂತ ಒಬ್ಬ ಹುಡುಗ ಅವನಾಗಿಯೇ ಕಂಡುಹಿಡಿದಿದ್ದ. ನಿಮ್ಮವನಿಗೂ ದಿನಕ್ಕೆ ಮೂರೇ ಊಟದ ಇನ್ಸುಲಿನ್ ಇರುವುದರಿಂದ ಇದನ್ನು ಡಾಕ್ಟರ ಹತ್ತಿರ ಕೇಳಿ.

ನೋಡಿದ ಮೇಲೆ ಏನು ಮಾಡಬೇಕು ಅಂತ ಅವನಿಗೆ ಗೊತ್ತಿದೆಯಾ? ಎಷ್ಟೋ ಮಕ್ಕಳು ನೋಡುವುದನ್ನು ಬಿಡಲು ಇದೂ ಕಾರಣ. ನಂಬರ್ ಬಂತು, ಅಮ್ಮನಿಗೆ ಫೋನ್ ಮಾಡಬೇಕು, ಅಮ್ಮ ಮೀಟಿಂಗ್‌ನಲ್ಲಿ. ಚುಚ್ಚಿಕೊಂಡದ್ದು ದಂಡ ಅನಿಸುತ್ತದೆ. ನಿಮ್ಮ ಡಾಕ್ಟರಿಂದ ಒಂದು ಕಾರ್ಡ್ ಬರೆಸಿ. ಇಷ್ಟಿದ್ದರೆ ಇಷ್ಟು ಯೂನಿಟ್, ಇದಕ್ಕಿಂತ ಕಮ್ಮಿಯಿದ್ದರೆ ಗ್ಲುಕೋಸ್, ಇದಕ್ಕಿಂತ ಜಾಸ್ತಿಯಿದ್ದರೆ ಫೋನ್. ಒಮ್ಮೆ ಕೊಟ್ಟ ಇನ್ಸುಲಿನ್ ಎರಡು ಮೂರು ಗಂಟೆ ಜೋರಾಗಿ ಕೆಲಸ ಮಾಡುತ್ತಿರುತ್ತದೆ. ಅಷ್ಟರೊಳಗೆ ‘ಇನ್ನೂ ಇಳಿದಿಲ್ಲ’ ಅಂತ ಮೇಲಿಂದ ಮೇಲೆ ಕೊಡಬಾರದು ಅಂತಲೂ ಅದರಲ್ಲಿ ಇರಲಿ.

ಬಹುಮಾನ ಕೊಡಬಹುದಾ ಅಂತ ಕೆಲವರು ಕೇಳುತ್ತಾರೆ. ನೋಡಿದ್ದಕ್ಕೆ ಕೊಡಿ, ಬೇಕಾದರೆ. ನಂಬರ್ ಚೆನ್ನಾಗಿ ಬಂದದ್ದಕ್ಕೆ ಕೊಡಬೇಡಿ. ಕೊಟ್ಟರೆ ನೋಟ್‌ಬುಕ್ ಮತ್ತೆ 118, 132 ಆಗುತ್ತದೆ. ಮೀಟರ್‌ನಲ್ಲೂ ಒಳ್ಳೆಯ ನಂಬರ್ ಬರಿಸುವ ಉಪಾಯ ಮಕ್ಕಳಿಗೆ ಗೊತ್ತು. ತಂಗಿಯ ಬೆರಳಿನ ರಕ್ತ ಹಾಕಿದವರೂ ಇದ್ದಾರೆ.

ಶಾಲೆ. ಇಲ್ಲಿ ಅವನ ಕಷ್ಟ ಬೇರೆ ಇರಬಹುದು. ಡಬ್ಬ ತೆರೆಯುವ ಹೊತ್ತಿಗೆ ಮೀಟರ್ ತೆಗೆದರೆ ಸುತ್ತ ನಾಲ್ಕು ತಲೆ ಬಗ್ಗುತ್ತವೆ. ‘ಕಾಯ್ ಝಾಲಂ? ರಕ್ತ ಕಾ ಕಾಢ್ತೋಸ್?’ (ಏನಾಯ್ತು? ರಕ್ತ ಯಾಕೆ ತೆಗೀತೀಯಾ?) ದಿನಾ ಉತ್ತರ ಹೇಳಲು ಯಾರಿಗೆ ಬೇಕು? ಟಾಯ್ಲೆಟ್‌ಗೆ ಹೋಗಿ ಚುಚ್ಚಿಕೊಳ್ಳುವ ಮಕ್ಕಳಿದ್ದಾರೆ. ಅದು ಬೇಡ, ಅಲ್ಲಿ ಕೈಯೂ ಚೊಕ್ಕಟವಿರಲ್ಲ, ಮನಸ್ಸಿಗೂ ಅದು ಕಳ್ಳತನದಂತೆ ಅನಿಸುತ್ತದೆ. ಕ್ಲಾಸ್ ಟೀಚರ್ ಜೊತೆ ಕೂತು ಮಾತಾಡಿ. ಒಂದೇ ಪುಟದಲ್ಲಿ, ಮರಾಠಿಯಲ್ಲೋ ಇಂಗ್ಲಿಷಿನಲ್ಲೋ, ಏನು ಕಾಯಿಲೆ, ಶುಗರ್ ಇಳಿದರೆ ಹೇಗೆ ಕಾಣುತ್ತಾನೆ, ಏನು ಕೊಡಬೇಕು, ಯಾರಿಗೆ ಫೋನ್ ಮಾಡಬೇಕು ಅಂತ ಬರೆದು ಡಾಕ್ಟರ ಪತ್ರದ ಜೊತೆ ಕೊಡಿ. ಟೈಪ್ 1 ಇರುವ ಮಕ್ಕಳಿಗೆ ಶಾಲೆಯಲ್ಲಿ ಶುಗರ್ ನೋಡಿಕೊಳ್ಳಲು, ಇನ್ಸುಲಿನ್ ತೆಗೆದುಕೊಳ್ಳಲು, ನಡುವೆ ತಿನ್ನಲು ಅವಕಾಶ ಕೊಡಬೇಕು ಅಂತ ಮಕ್ಕಳ ಹಕ್ಕುಗಳ ರಾಷ್ಟ್ರೀಯ ಆಯೋಗ 2023ರಲ್ಲಿ ಎಲ್ಲ ರಾಜ್ಯಗಳಿಗೂ ಬರೆದಿದೆ. ಸಿಬಿಎಸ್‌ಇ 2017ರಲ್ಲೇ ಬೋರ್ಡ್ ಪರೀಕ್ಷೆಯ ಹಾಲ್‌ಗೆ ಸಕ್ಕರೆ ಮಾತ್ರೆ, ಹಣ್ಣು, ನೀರು ಒಯ್ಯಲು ಬಿಟ್ಟಿದೆ. ಶಾಲೆಯವರು ಹಿಂದೇಟು ಹಾಕಿದರೆ ಮೆಲ್ಲಗೆ ಇದನ್ನು ಹೇಳಿ. ಗೆಳೆಯರಿಗೆ ಹೇಳಬೇಕಾ ಬೇಡವಾ ಅನ್ನುವುದು ಅವನ ಇಷ್ಟ. ಆದರೆ ಒಬ್ಬ ಗೆಳೆಯನಿಗಾದರೂ ಗೊತ್ತಿದ್ದರೆ ಒಳ್ಳೆಯದು, ಆಟದ ಮೈದಾನದಲ್ಲಿ ನೀವು ಇರಲ್ಲವಲ್ಲ.

ಸೆನ್ಸರ್ ಬಗ್ಗೆ ಕೇಳಿದ್ದೀರಿ. ತೋಳಿನ ಹಿಂಭಾಗಕ್ಕೆ ಅಂಟಿಸುವ ಬಿಲ್ಲೆ. ಚರ್ಮದ ಕೆಳಗಿನ ದ್ರವದಲ್ಲಿರುವ ಗ್ಲುಕೋಸ್ ಅನ್ನು ಹಗಲೂ ರಾತ್ರಿ ಅಳೆಯುತ್ತದೆ. ನಮ್ಮಲ್ಲಿ ಹೆಚ್ಚು ಬಳಕೆಯಲ್ಲಿರುವ ಲಿಬ್ರೆಯಂಥವು 14 ದಿನ ಬರುತ್ತವೆ. ಬೆರಳು ಚುಚ್ಚುವುದು ಬಹುಮಟ್ಟಿಗೆ ತಪ್ಪುತ್ತದೆ, ಶುಗರ್ ಏರುತ್ತಿದೆಯಾ ಇಳಿಯುತ್ತಿದೆಯಾ ಅಂತ ಬಾಣದ ಗುರುತಲ್ಲಿ ತಿಳಿಯುತ್ತದೆ. ನಿಮಗೆ ಕೈಗೆಟುಕಿದರೆ ಖಂಡಿತ ಒಳ್ಳೆಯದು, ನಾನಂತೂ ಬೇಡ ಅನ್ನಲ್ಲ. ಆದರೆ ತಿಂಗಳಿಗೆ ಎರಡು ಬೇಕು, ಖರ್ಚು ಸ್ಟ್ರಿಪ್‌ಗಿಂತ ಬಹಳ ಜಾಸ್ತಿ. ಬೆವರಿಗೆ ಅಂಟು ಬಿಡುತ್ತದೆ. ಡೊಂಬಿವಲಿ ಲೋಕಲ್‌ನ ನೂಕುನುಗ್ಗಲಲ್ಲಿ ಕಿತ್ತುಕೊಂಡು ಹೋದದ್ದೂ ಇದೆ, ಮೇಲಿಂದ ಪ್ಲಾಸ್ಟರ್ ಹಾಕಬೇಕಾಗುತ್ತದೆ. ರಕ್ತಕ್ಕಿಂತ ಐದು ಹತ್ತು ನಿಮಿಷ ಹಿಂದೆ ಇರುತ್ತದೆ. ಓಡಾಡುವಾಗ, ಶುಗರ್ ಬೇಗ ಇಳಿಯುವಾಗ, ಅವನಿಗೆ ಅನಿಸುವುದಕ್ಕೂ ಸೆನ್ಸರ್ ಹೇಳುವುದಕ್ಕೂ ತಾಳೆಯಾಗದಿದ್ದರೆ ಬೆರಳು ಚುಚ್ಚಿಯೇ ನೋಡಬೇಕು. ಕೆಲವು ಮಾದರಿಗಳಲ್ಲಿ ಫೋನ್ ಹತ್ತಿರ ಹಿಡಿದರೆ ಮಾತ್ರ ರೀಡಿಂಗ್ ಬರುತ್ತದೆ, ಅದನ್ನೂ ಅವನು ‘ಮರೆಯಬಹುದು’. ತಾನಾಗಿ ಫೋನಿಗೆ ಕಳಿಸುವ ಮಾದರಿಯಾದರೆ ಘಾಟ್‌ಕೋಪರ್‌ನಲ್ಲಿ ಕೂತು ನೀವು ಪ್ರತಿ ಐದು ನಿಮಿಷಕ್ಕೆ ನೋಡಲು ಶುರು ಮಾಡ್ತೀರಿ. ಗಣಿತದ ಪೀರಿಯಡ್‌ನಲ್ಲಿ ‘ಏನು ತಿಂದೆ?’ ಅಂತ ಮೆಸೇಜ್ ಹೋಗುತ್ತದೆ. ಆಗ ಅವನು ಸೆನ್ಸರನ್ನೇ ಕಿತ್ತು ಹಾಕುತ್ತಾನೆ. ಹಾಕಿಸುವ ಮೊದಲು ಯಾವ ನಂಬರಿಗೆ ನೀವು ಫೋನ್ ಮಾಡಬಹುದು, ಯಾವುದಕ್ಕೆ ಮಾಡಬಾರದು ಅಂತ ಅವನ ಜೊತೆ ಮಾತಾಗಿರಲಿ. ಎಲ್ಲ ತಿಂಗಳು ಆಗದಿದ್ದರೆ ಮೂರು ತಿಂಗಳಿಗೊಮ್ಮೆ, ಡಾಕ್ಟರ ಭೇಟಿಗೆ ಹದಿನೈದು ದಿನ ಮೊದಲು ಒಂದು ಹಾಕಿಸುವುದೂ ಉಪಯೋಗಕ್ಕೆ ಬರುತ್ತದೆ. ಡೋಸ್ ಸರಿಪಡಿಸಲು ಅಷ್ಟು ಸಾಕಾಗುತ್ತದೆ.

ಎರಡು ವಿಷಯದಲ್ಲಿ ಮಾತ್ರ ರಾಜಿ ಬೇಡ. ಆಟಕ್ಕೆ ಮೊದಲು ನೋಡದೆ ಮೈದಾನಕ್ಕೆ ಇಳಿಯುವಂತಿಲ್ಲ. 90ಕ್ಕಿಂತ ಕಮ್ಮಿಯಿದ್ದರೆ ಏನಾದರೂ ತಿಂದು ಇಳಿಯಲಿ. ಜೋರಾಗಿ ಆಡಿದ ದಿನ ಶುಗರ್ ಎಷ್ಟೋ ಗಂಟೆಯ ಮೇಲೆ, ನಡುರಾತ್ರಿಯಲ್ಲಿ ಇಳಿಯುವುದುಂಟು. ಅಂಥ ದಿನ ಮಲಗುವಾಗ ನೋಡಿ, ರಾತ್ರಿ ಎರಡು ಮೂರು ಗಂಟೆಯ ಹೊತ್ತಿಗೆ ನೀವೊಮ್ಮೆ ಎದ್ದು ನೋಡಿ. 70ಕ್ಕಿಂತ ಕೆಳಗೆ ಬಂದರೆ ಮೂರು ಟೀ ಚಮಚ ಗ್ಲುಕೋಸ್ ಪುಡಿಯೋ ಸಕ್ಕರೆಯೋ ನೀರಿಗೆ ಹಾಕಿ ಕುಡಿಸಿ, 15 ನಿಮಿಷ ಬಿಟ್ಟು ಮತ್ತೆ ನೋಡಿ. ಚಾಕೊಲೇಟ್, ಪೇಡ ಬೇಡ, ಅದರಲ್ಲಿರುವ ಕೊಬ್ಬಿನಿಂದ ಸಕ್ಕರೆ ರಕ್ತಕ್ಕೆ ಸೇರುವುದು ನಿಧಾನವಾಗುತ್ತದೆ. ಗ್ಲುಕೋಸ್ ಪೊಟ್ಟಣ ಶಾಲೆಯ ಚೀಲದಲ್ಲಿ, ಆಟದ ಚೀಲದಲ್ಲಿ, ಹಾಸಿಗೆಯ ಪಕ್ಕದಲ್ಲಿ ಇರಲಿ. ಎಚ್ಚರ ತಪ್ಪಿದರೆ ಬಾಯಿಗೆ ಏನೂ ಹಾಕಬಾರದು, ಪಕ್ಕಕ್ಕೆ ಮಲಗಿಸಿ 108ಕ್ಕೆ ಫೋನ್ ಮಾಡಬೇಕು. ಇದನ್ನು ಅಜ್ಜಿಗೂ ಬಾಯಿಪಾಠ ಮಾಡಿಸಿ. ಮನೆಯಲ್ಲಿ ಶುಗರ್ ಏರಿಸುವ ಗ್ಲುಕಗಾನ್ ಇಂಜೆಕ್ಷನ್ ಇಡಬೇಕಾ ಅಂತ ಡಾಕ್ಟರ ಹತ್ತಿರ ಕೇಳಿ.

ಎರಡನೆಯದು ಜ್ವರ, ವಾಂತಿ. ಊಟ ಮಾಡಿಲ್ಲ ಅಂತ ಇನ್ಸುಲಿನ್ ನಿಲ್ಲಿಸಬಾರದು. ಆ ದಿನ ಎಲ್ಲ ರೀಡಿಂಗೂ ದೊಡ್ಡವರ ಕೆಲಸ, ಎರಡು ಮೂರು ಗಂಟೆಗೊಮ್ಮೆ. ಶುಗರ್ 250 ದಾಟಿ ಇಳಿಯದೆ ಕೂತರೆ ಕೀಟೋನ್ ನೋಡಬೇಕು. ಹೊಟ್ಟೆನೋವು, ಮತ್ತೆ ಮತ್ತೆ ವಾಂತಿ, ಏದುಸಿರು, ಬಾಯಲ್ಲಿ ಹಣ್ಣಿನಂಥ ವಾಸನೆ ಇದ್ದರೆ ಬೆಳಗಾಗಲಿ ಅಂತ ಕಾಯದೆ ಆಸ್ಪತ್ರೆಗೆ ಕರೆದೊಯ್ಯಿರಿ.

ಇಷ್ಟೆಲ್ಲ ಮಾಡಿದ ಮೇಲೂ ಅವನು ಮೀಟರ್ ಮುಟ್ಟದಿದ್ದರೆ, ಇನ್ಸುಲಿನ್ ಕೂಡ ತಪ್ಪಿಸುತ್ತಿದ್ದರೆ, ಆಟಕ್ಕೂ ಹೋಗದೆ ಮಂಕಾಗಿ ಕೂತರೆ, ಅದು ಹಟದ ವಿಷಯ ಆಗಿರಲಿಕ್ಕಿಲ್ಲ. ಈ ಕಾಯಿಲೆಗೆ ರಜೆಯಿಲ್ಲ, ಮಕ್ಕಳು ಬೇಸತ್ತು ಹೋಗುತ್ತಾರೆ. ಮಕ್ಕಳ ಮನಶ್ಶಾಸ್ತ್ರಜ್ಞರನ್ನು ನೋಡಿ. ಪರೇಲ್‌ನ ವಾಡಿಯಾ ಮಕ್ಕಳ ಆಸ್ಪತ್ರೆಯಂಥ ಕಡೆ ಮಕ್ಕಳ ಡಯಾಬಿಟಿಸ್‌ಗೇ ಬೇರೆ ವಿಭಾಗ ಇದೆ. ತನ್ನದೇ ವಯಸ್ಸಿನ ಇನ್ನೊಬ್ಬ ಹುಡುಗ ಲಾಬಿಯಲ್ಲಿ ಕೂತು ಆರಾಮಾಗಿ ಬೆರಳು ಚುಚ್ಚಿಕೊಳ್ಳುವುದನ್ನು ನೋಡಿದರೆ ನನ್ನ ನಿಮ್ಮ ಉಪದೇಶಕ್ಕಿಂತ ಜಾಸ್ತಿ ನಾಟುತ್ತದೆ.

ಕೆಲಸ ಬಿಡಬೇಡಿ. ಸ್ಟ್ರಿಪ್‌ಗೂ ಸೆನ್ಸರ್‌ಗೂ ನಿಮ್ಮ ಸಂಬಳ ಬೇಕು. ಅಲ್ಲದೆ ‘ನಿನಗಾಗಿ ಕೆಲಸ ಬಿಟ್ಟೆ’ ಅನ್ನುವ ಭಾರ ಆ ಹುಡುಗನ ತಲೆಗೆ ಬೇಡ. ನೋಟ್‌ಬುಕ್ಕಿನ ವಿಷಯ ಒಮ್ಮೆ, ಒಂದೇ ಸಲ, ಅವನ ಹತ್ತಿರ ಮಾತಾಡಿ: ‘ಗೊತ್ತಾಯ್ತು, ಸಿಟ್ಟಿಲ್ಲ, ಇನ್ಮುಂದೆ ಬರೆಯೋದು ಬೇಡ, ಮೀಟರ್‌ನಲ್ಲಿ ಇದ್ದದ್ದು ಸಾಕು.’ ಈ ವಾರವೇ ಡಾಕ್ಟರ ಅಪಾಯಿಂಟ್‌ಮೆಂಟ್ ತಗೊಳ್ಳಿ, ಡೋಸ್ ನೋಡಿಸಲು. ಹೋಗುವಾಗ ಮೀಟರ್ ಒಯ್ಯಿರಿ, ಮತ್ತೆ ಐದು ನಿಮಿಷ ಹೊರಗೆ ಕೂರಲು ನೀವೂ ತಯಾರಿರಿ.